ಬ್ರೇಕ್ ಒತ್ತಿದ್ರೆ ಆಫ್ ಆಗೋ ಹಳೇ ಜೆನ್

ಪ್ರಶ್ನೆ: ಸರ್, ನಮ್ಮಪ್ಪ ತಗೊಂಡಿದ್ದ 1997ರ, ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸೋ ಭಾಗ) ಇರೋ ಮಾರುತಿ ಜೆನ್ ಕಾರಿದೆ. ಹೈವೇಲಿ ಚೆನ್ನಾಗೇ ಓಡತ್ತೆ, ಸಿಗ್ನಲ್ಲಲ್ಲಿ ಬ್ರೇಕ್ ಒತ್ಕೊಂಡು ನಿಂತ್ರೆ ಗಡಗಡ ನಡುಗಿ ಆಫ್ ಆಗತ್ತೆ. ಮೆಕ್ಯಾನಿಕ್ ಪ್ರತಿ ಸಲ ಐಡ್ಲಿಂಗ್ (ಗಾಡಿ ನಿಂತಾಗಿನ ಇಂಜಿನ್ ವೇಗ) ಜಾಸ್ತಿ ಮಾಡಿ ಕಳಿಸ್ತಾರೆ, ಈಗ ವ್ಯಾಕ್ಯೂಮ್ ಗೇಜ್ (ಇಂಜಿನ್ ಗಾಳಿ ಹೀರೋ ಬಲ ಅಳೆಯೋ ಮೀಟರ್) ಹಾಕಿ 15 ಇಂಚು ಬಂತು, 18 ಇರ್ಬೇಕಿತ್ತು, ಇಂಜಿನ್ ವೀಕು ಅಂತಾರೆ. ಮಾರಿಬಿಡ್ಲಾ? (ಓದುಗರು, ಹಾಸನ)

ಉತ್ತರ: ದಯವಿಟ್ಟು ಮಾರ್ಬೇಡಿ. ಮೆಕ್ಯಾನಿಕ್ ಹೇಳಿದ 18 ಬರೋದು 17-21 ಇಂಚು (ಪಾದರಸದ ಅಳತೆ) ಇರ್ಬೇಕು ಅನ್ನೋ ಲೆಕ್ಕದಿಂದ, ಅದು ಸಮುದ್ರಮಟ್ಟದ್ದು, ಸಾವಿರ ಅಡಿ ಮೇಲೆ ಹೋದಂಗೆಲ್ಲಾ ಹೆಚ್ಚುಕಡಿಮೆ ಒಂದೊಂದು ಇಂಚು ಇಳಿಯತ್ತೆ, ಹಾಸನ 3000 ಅಡಿಗಿಂತ ಮೇಲಿರೋದ್ರಿಂದ ಮುಳ್ಳು ಅಲ್ಲಾಡದೆ 15ರಲ್ಲಿ ನಿಂತಿದ್ರೆ ಅದು ಒಳ್ಳೇ ಇಂಜಿನ್ನೇ.

ನಂಗೆ ಅನುಮಾನ ಇರೋದು ಬ್ರೇಕ್ ಬೂಸ್ಟರ್ ಮೇಲೆ, ಅಂದ್ರೆ ಪೆಡಲ್ ಹಗುರಾಗಿ ಒತ್ತೋಕೆ ನೆರವಾಗೋ ಡಬ್ಬ. ಅದು ಕೆಲ್ಸ ಮಾಡೋದೇ ಇಂಜಿನ್ನಿಂದ ಬರೋ ವ್ಯಾಕ್ಯೂಮಲ್ಲಿ, ಒಳಗಿನ ರಬ್ಬರ್ ಡಯಾಫ್ರಮ್ (ತೆಳು ಪರದೆ) ಹರಿದಿದ್ರೆ ಪೆಡಲ್ ಒತ್ತಿದಾಗ ಹೊರಗಿನ ಗಾಳಿ ಸೀದಾ ಮ್ಯಾನಿಫೋಲ್ಡಿಗೆ (ಇಂಜಿನ್ನಿಗೆ ಗಾಳಿ-ಪೆಟ್ರೋಲ್ ಹೋಗೋ ಕೊಳವೆ) ನುಗ್ಗತ್ತೆ. ಐಡ್ಲಿಂಗಲ್ಲಿ ಇಂಜಿನ್ ಎಳ್ಕೊಳ್ಳೋ ಗಾಳಿನೇ ಕಮ್ಮಿ, ಅದಕ್ಕೆ ಇದೂ ಸೇರಿದ್ರೆ ಪೆಟ್ರೋಲ್ ಸಾಲದೆ ಆಫ್ ಆಗತ್ತೆ, ಹೈವೇಲಿ ಗೊತ್ತೇ ಆಗಲ್ಲ.

ಹ್ಯಾಂಡ್‌ಬ್ರೇಕ್ ಹಾಕಿ ನ್ಯೂಟ್ರಲ್ಲಲ್ಲಿ ಸ್ಟಾರ್ಟ್ ಮಾಡಿ, ಪೆಡಲ್ ಒತ್ತಿ ಹಿಡೀರಿ. ಗೇಜಿನ ಮುಳ್ಳು ಒಂದ್ಸಲ ಇಳಿದು ತಕ್ಷಣ ವಾಪಸ್ ಬರ್ಬೇಕು, ಬರದೆ ಕೆಳಗೇ ನಿಂತು ಕಾಲಿನ ಹತ್ರ ಸುಯ್ ಅಂತ ಸದ್ದು ಬಂದ್ರೆ ಬೂಸ್ಟರ್ ಹೋಗಿದೆ ಅಂತಾನೇ. ಖಾತ್ರಿ ಬೇಕಂದ್ರೆ ಬೂಸ್ಟರಿಗೆ ಹೋಗೋ ದಪ್ಪ ಪೈಪನ್ನ ಬಟ್ಟೆ ಸುತ್ತಿ ಇಕ್ಕಳದಲ್ಲಿ ಅದುಮಿ ಮತ್ತೆ ಪೆಡಲ್ ಒತ್ತಿ, ಈಗ ಆಫ್ ಆಗ್ಲಿಲ್ಲ ಅಂದ್ರೆ ಕಳ್ಳ ಸಿಕ್ಕ. ಹಂಗೇ ಅದುಮಿಟ್ಟು ಗಾಡಿ ಮಾತ್ರ ಓಡಿಸ್ಬೇಡಿ, ಪೆಡಲ್ ಕಲ್ಲಾಗತ್ತೆ, ಗಾಡಿ ಬೇಗ ನಿಲ್ಲಲ್ಲ.

ಅದುಮಿದ್ರೂ ಆಫ್ ಆದ್ರೆ ಕಾರ್ಬೊರೇಟರ್ ಕೆಳಗಿನ ಗ್ಯಾಸ್ಕೆಟ್ (ಸಂದಿನಲ್ಲಿ ಗಾಳಿ ನುಗ್ಗದಂತೆ ಹಾಕೋ ತೆಳು ಪಟ್ಟಿ), ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸುತ್ತ ಸೋಪ್ ನೀರು ಚಿಮುಕಿಸಿ, ಅಲ್ಲಿ ಗಾಳಿ ಸೋರ್ತಿದ್ರೆ ನೀರು ಸಂದು ಮುಚ್ಚಿದ ಕ್ಷಣ ಇಂಜಿನ್ ಸದ್ದು ಬದಲಾಗತ್ತೆ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸಿ ನೋಡೋರಿದ್ದಾರೆ, ಬೆಂಕಿ ಹತ್ಕೊಳ್ಳತ್ತೆ, ಬೇಡವೇ ಬೇಡ.

ಬೂಸ್ಟರೇ ಅಂತಾದ್ರೆ ಬ್ರೇಕ್ ವಿಷ್ಯ, ಈ ವಾರವೇ ಹಾಕಿಸಿ, ಜೊತೆಗೆ ಪೈಪನ್ನೂ ಬದಲಾಯಿಸಿ. ವ್ಯಾಕ್ಯೂಮ್ ಪೈಪೇ ಬೇಕು ಅಂತ ಕೇಳಿ ತಗೊಳ್ಳಿ, ತೆಳ್ಳನೆ ನೀರಿನ ಟ್ಯೂಬ್ ಹಾಕಿದ್ರೆ ಒಳಗೇ ಎಳ್ಕೊಂಡು ಚಪ್ಪಟೆ ಆಗಿಬಿಡತ್ತೆ.