ಓದುಗರು ಕೇಳಿದ್ದು: ಕ್ಯಾಂಪರ್ ಟ್ರೈಲರಿನ ನೀರು ಹೆಪ್ಪುಗಟ್ಟುವ ಮುನ್ನ

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಮೈಸೂರಿನವರು, ಈಗ ಮಿನಿಯಾಪೊಲಿಸ್ ಹತ್ತಿರ ಇದ್ದೇವೆ. ಈ ಬೇಸಿಗೆಯಲ್ಲಿ ಹಳೆಯ ಕ್ಯಾಂಪರ್ ಟ್ರೈಲರ್ ಒಂದನ್ನು ಕೊಂಡೆವು. ಅಡುಗೆ ಸಿಂಕು, ಸಣ್ಣ ಬಚ್ಚಲು, 6 ಗ್ಯಾಲನ್ ಗೀಸರ್ ಇವೆ. ಡಿಸೆಂಬರಿನಲ್ಲಿ ಊರಿಗೆ ಹೋಗುತ್ತೇವೆ. ಟ್ರೈಲರ್ ಮನೆ ಮುಂದೆಯೇ ನಿಂತಿರುತ್ತದೆ. ಮಾರಿದವರು ‘ಚಳಿಗೆ ಮುಂಚೆ ನೀರು ಖಾಲಿ ಮಾಡಿ’ ಎಂದಷ್ಟೇ ಹೇಳಿದರು. ಟ್ಯಾಂಕಿನ ನೀರು ಬಿಟ್ಟು ನಲ್ಲಿ ತೆರೆದಿಟ್ಟರೆ ಸಾಕಲ್ವಾ?
– ಓದುಗರು, ಮಿನೆಸೋಟ

ಉತ್ತರ: ಸಾಲದು. ಟ್ಯಾಂಕು ಖಾಲಿಯಾದರೂ ಪೈಪಿನ ತಗ್ಗಿನಲ್ಲಿ, ಪಂಪಿನೊಳಗೆ, ನಲ್ಲಿಯ ಕುತ್ತಿಗೆಯಲ್ಲಿ ನೀರು ನಿಂತೇ ಇರುತ್ತದೆ. ಕೆಡಿಸುವುದು ಆ ಉಳಿದ ನೀರೇ.

ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಫ್ರೀಜರಿನಲ್ಲಿಟ್ಟು ಮರೆತ ಗಾಜಿನ ಬಾಟಲಿ ಬಿರಿದಿದ್ದನ್ನು ನೀವು ನೋಡಿರಬಹುದು. ಪೈಪಿನಲ್ಲಿ ಇನ್ನೂ ಒಂದು ತೊಂದರೆ ಇದೆ. ನಡುವೆ ಎಲ್ಲೋ ಗಡ್ಡೆ ಕಟ್ಟಿ ಬೆಳೆಯುತ್ತಾ ಬಂದರೆ, ಅದಕ್ಕೂ ಮುಚ್ಚಿದ ನಲ್ಲಿಗೂ ಮಧ್ಯೆ ಸಿಕ್ಕಿಕೊಂಡ ನೀರಿಗೆ ಹೋಗಲು ದಾರಿಯೇ ಇರುವುದಿಲ್ಲ. ಒತ್ತಡ ಏರುತ್ತಲೇ ಹೋಗುತ್ತದೆ. ಕೊನೆಗೆ ಮಂಜುಗಡ್ಡೆ ಇಲ್ಲದ ಕಡೆಯೂ ಒಡೆಯಬಹುದು. ಈಗಿನ ಟ್ರೈಲರುಗಳಲ್ಲಿರುವ ಪೆಕ್ಸ್ ಎಂಬ ಬಾಗುವ ಪ್ಲಾಸ್ಟಿಕ್ ಪೈಪು ಸ್ವಲ್ಪ ಹಿಗ್ಗಿ ತಡೆದುಕೊಳ್ಳುತ್ತದೆ. ಜಾಯಿಂಟು, ಪಂಪಿನ ತಲೆ, ಕಮೋಡಿನ ಹಿಂದಿನ ವಾಲ್ವು, ನಲ್ಲಿಯ ಒಳಭಾಗ ಇವೆಲ್ಲ ಗಟ್ಟಿ ಪ್ಲಾಸ್ಟಿಕ್ಕು. ಅವು ಬಿರುಕು ಬಿಡುತ್ತವೆ. ಚಳಿಗಾಲದಲ್ಲಿ ಇದು ಗೊತ್ತಾಗುವುದೇ ಇಲ್ಲ. ನಾನು ಕೆಲಸ ಮಾಡುವ ರಿಪೇರಿ ಶೆಡ್ಡಿಗೆ ಮೇ ತಿಂಗಳಲ್ಲಿ ಟ್ರೈಲರುಗಳು ಬರುತ್ತವಲ್ಲ, ಆಗ ನೋಡಬೇಕು. ನೀರು ಹಾಕಿದ ಮೊದಲ ದಿನವೇ ನೆಲದ ಪ್ಲೈವುಡ್ಡು ನೆನೆದು ಉಬ್ಬಿರುತ್ತದೆ. ಪೈಪಿನ ಖರ್ಚು ಅಲ್ಪ, ನೆಲ ಕೀಳಿಸುವ ಖರ್ಚು ಜಾಸ್ತಿ. ಮಕ್ಕಳನ್ನು ಕರೆದುಕೊಂಡು ಹೊರಡಲು ತಯಾರಾಗಿದ್ದ ಮನೆಯವರ ಮುಖ ನೋಡಿದರೆ ಸಂಕಟವಾಗುತ್ತದೆ.

ಡಿಸೆಂಬರಿನವರೆಗೆ ಕಾಯಬೇಡಿ. ನಮ್ಮ ಕಡೆ ಅಕ್ಟೋಬರಿನಲ್ಲೇ ರಾತ್ರಿಯ ಉಷ್ಣತೆ 32 ಡಿಗ್ರಿ ಫ್ಯಾರನ್‌ಹೀಟಿಗಿಂತ, ಅಂದರೆ ಸೊನ್ನೆ ಸೆಲ್ಸಿಯಸಿಗಿಂತ ಕೆಳಗೆ ಇಳಿಯುತ್ತದೆ. ಕ್ಯಾಂಪ್‌ಗ್ರೌಂಡುಗಳಲ್ಲಿ ನಲ್ಲಿ ಬಂದ್ ಮಾಡಲು ಶುರು ಮಾಡಿದರೆ ನಿಮಗೂ ಅದೇ ಸೂಚನೆ. ಕೊನೆಯ ಪ್ರವಾಸದಿಂದ ವಾಪಸ್ ಬರುವಾಗಲೇ ಡಂಪ್ ಸ್ಟೇಷನ್ನಿನಲ್ಲಿ ಬಚ್ಚಲು ನೀರಿನ ಟ್ಯಾಂಕು, ಕಕ್ಕಸಿನ ಟ್ಯಾಂಕು ಎರಡನ್ನೂ ಖಾಲಿ ಮಾಡಿ, ತೊಳೆದು ತನ್ನಿ. ಮನೆ ಮುಂದೆ ಆ ಕೆಲಸ ಮಾಡಲು ಆಗುವುದಿಲ್ಲ.

ಮೊದಲು ಗೀಸರ್. ಕರೆಂಟು, ಗ್ಯಾಸು ಎರಡನ್ನೂ ಆರಿಸಿ, ಒಂದು ರಾತ್ರಿ ಬಿಟ್ಟು ನೀರು ಪೂರ್ತಿ ತಣ್ಣಗಾಗಲಿ. ಪಂಪು ಆರಿಸಿ, ಹೊರಗಿನ ಹೋಸ್ ತೆಗೆದು, ಒಂದು ಬಿಸಿನೀರಿನ ನಲ್ಲಿ ತಿರುಗಿಸಿ ಒತ್ತಡ ಇಳಿಸಿ. ಆಮೇಲೆ ಹೊರಗಿನ ಮುಚ್ಚಳ ತೆಗೆದು ಕೆಳಗಿನ ಬಿರಡೆ ಬಿಚ್ಚಿ. ಎದುರಿಗೆ ಕೂರಬೇಡಿ, ಪಕ್ಕಕ್ಕೆ ಸರಿದು ನಿಲ್ಲಿ. ಸಬರ್ಬನ್ ಕಂಪನಿಯ ಗೀಸರಾದರೆ ಟ್ಯಾಂಕು ಉಕ್ಕಿನದು, ಬಿರಡೆಯ ಜೊತೆಗೇ ಉದ್ದನೆಯ ಲೋಹದ ಸರಳೊಂದು ಹೊರಗೆ ಬರುತ್ತದೆ. ಅದಕ್ಕೆ ಆನೋಡ್ ಎನ್ನುತ್ತಾರೆ. ಟ್ಯಾಂಕಿಗೆ ತುಕ್ಕು ಹಿಡಿಯುವ ಬದಲು ಅದೇ ಸವೆದುಹೋಗಲಿ ಎಂದು ಇಟ್ಟಿರುವುದು. ಸವೆದು ಒಳಗಿನ ತಂತಿ ಕಾಣುತ್ತಿದ್ದರೆ ವಸಂತದಲ್ಲಿ ಹೊಸದು ಹಾಕಿ. ಆಟ್‌ವುಡ್ ಆದರೆ ಟ್ಯಾಂಕು ಅಲ್ಯುಮಿನಿಯಮ್ಮು, ಬಿರಡೆ ನೈಲಾನು, ಸರಳು ಇರುವುದಿಲ್ಲ. ಅಲ್ಲಿ ಬಲ ಹಾಕಬೇಡಿ, ಬಿರಡೆಯ ತಿರುಪಿನ ಸುತ್ತು ಸವೆಯುತ್ತದೆ. ಖಾಲಿ ಗೀಸರಿಗೆ ಯಾರಾದರೂ ಕರೆಂಟಿನ ಸ್ವಿಚ್ ಒತ್ತಿದರೆ ಕಾಯಿಲ್ ಸುಟ್ಟುಹೋಗುತ್ತದೆ. ಸ್ವಿಚ್ಚಿನ ಮೇಲೆ ಈಗಲೇ ಟೇಪು ಅಂಟಿಸಿಬಿಡಿ.

ಆಮೇಲೆ ಟ್ರೈಲರಿನ ಅಡಿಗೆ ಬಗ್ಗಿ ನೋಡಿ. ಕೆಂಪು, ನೀಲಿ ಬಣ್ಣದ ಎರಡು ಪೈಪಿನ ತುದಿಗಳು ನೇತಾಡುತ್ತಿರುತ್ತವೆ. ಬಿಸಿನೀರು, ತಣ್ಣೀರಿನ ಸಾಲುಗಳ ಅತಿ ತಗ್ಗಿನ ಜಾಗ ಅದು. ಎರಡನ್ನೂ ತೆರೆಯಿರಿ, ಒಳಗಿನ ನಲ್ಲಿಗಳನ್ನೂ ತೆರೆಯಿರಿ. ಕುಡಿಯುವ ನೀರಿನ ಟ್ಯಾಂಕನ್ನೂ ಬಿಡಿ. ಫಿಲ್ಟರ್ ಇದ್ದರೆ ಒಳಗಿನ ಕಾರ್ಟ್ರಿಜ್ ತೆಗೆದು ಬಿಸಾಡಿ.

ಈಗ ಗುಲಾಬಿ ದ್ರವದ ಕೆಲಸ. ಅದು ಆರ್‌ವಿ ಆಂಟಿಫ್ರೀಜ್, ಅಂದರೆ ಇಂಥ ಗಾಡಿಗಳ ಪೈಪಿನಲ್ಲಿ ನೀರಿನ ಬದಲು ತುಂಬಿಡುವ, ಚಳಿಗೆ ಪೈಪು ಒಡೆಯದಂತೆ ಕಾಯುವ ದ್ರವ. ಅದಕ್ಕೆ ಮುಂಚೆ ಗೀಸರಿನ ಹಿಂದಿರುವ ಬೈಪಾಸ್ ವಾಲ್ವುಗಳನ್ನು ಹುಡುಕಿ. ಮಂಚದ ಕೆಳಗೋ ಒಂದು ಹಲಗೆಯ ಹಿಂದೆಯೋ ಇರುತ್ತವೆ. ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡಕ್ಕೆ ಇದ್ದರೆ ಮುಚ್ಚಿದೆ. ಮೂರು ವಾಲ್ವಿದ್ದರೆ ಗೀಸರಿಗೆ ಹೋಗುವ, ಬರುವ ಎರಡನ್ನೂ ಮುಚ್ಚಿ, ನಡುವಿನದನ್ನು ತೆರೆಯಿರಿ. ಇದನ್ನು ಮಾಡದಿದ್ದರೆ ನೀವು ಸುರಿದ ದ್ರವವೆಲ್ಲ ಆ 6 ಗ್ಯಾಲನ್ ಗೀಸರ್ ತುಂಬುವುದಕ್ಕೇ ಹೋಗುತ್ತದೆ. ಬೈಪಾಸ್ ಮಾಡಿದರೆ 2–3 ಗ್ಯಾಲನ್ನಿನಲ್ಲಿ, ಅಂದರೆ 8ರಿಂದ 12 ಲೀಟರಿನಲ್ಲಿ, ಸಾಮಾನ್ಯವಾಗಿ ಕೆಲಸ ಮುಗಿಯುತ್ತದೆ.

ಕೆಳಗಿನ ಕೆಂಪು, ನೀಲಿ ತುದಿಗಳನ್ನು, ಒಳಗಿನ ನಲ್ಲಿಗಳನ್ನು ಮುಚ್ಚಿ. ಪಂಪಿನ ಬಾಯಿಯಲ್ಲಿ ಒಂದು ಸಣ್ಣ ಟ್ಯೂಬು ಇದ್ದರೆ ಅದರ ತುದಿಯನ್ನು ದ್ರವದ ಡಬ್ಬಿಗೆ ಇಳಿಸಿ, ಅಲ್ಲಿನ ವಾಲ್ವನ್ನು ಟ್ಯಾಂಕಿನ ಕಡೆಯಿಂದ ಟ್ಯೂಬಿನ ಕಡೆಗೆ ತಿರುಗಿಸಿ. ಇಲ್ಲದಿದ್ದರೆ ಅದಕ್ಕೆಂದೇ ಕಿಟ್ ಸಿಗುತ್ತದೆ, ಹಾಕಿಸಿಕೊಳ್ಳಿ. ಪಂಪು ಚಾಲೂ ಮಾಡಿ, ಹತ್ತಿರದ ನಲ್ಲಿಯಿಂದ ದೂರದ ನಲ್ಲಿಗೆ ಒಂದೊಂದಾಗಿ ಹೋಗಿ. ತಣ್ಣೀರು, ಆಮೇಲೆ ಬಿಸಿನೀರು. ತಿಳಿ ಗುಲಾಬಿ ಬಂದ ಕೂಡಲೇ ನಿಲ್ಲಿಸಬೇಡಿ, ಅದರಲ್ಲಿ ಇನ್ನೂ ನೀರು ಬೆರೆತಿರುತ್ತದೆ. ಬಾಟಲಿಯಲ್ಲಿದ್ದ ಬಣ್ಣವೇ ಬರಬೇಕು. ಕಮೋಡನ್ನೂ ಹಾಗೆಯೇ ಫ್ಲಶ್ ಮಾಡಿ. ಸಿಂಕು, ಬಚ್ಚಲಿನ ತೂತಿಗೆ ಒಂದೊಂದು ಲೋಟ ದ್ರವ ಸುರಿಯಿರಿ. ಕೆಳಗಿನ ಬಾಗಿದ ಪೈಪಿನಲ್ಲಿ ಯಾವಾಗಲೂ ನೀರು ನಿಂತಿರುತ್ತದೆ.

ಜನ ಮರೆಯುವ ಮೂರು ಜಾಗಗಳನ್ನು ಗಟ್ಟಿಯಾಗಿ ಹೇಳಿಬಿಡುತ್ತೇನೆ. ಒಂದು, ಗೋಡೆಯ ಹೊರಗಿನ ಸಣ್ಣ ಬಾಗಿಲಿನೊಳಗೆ ಇರುವ ಶವರ್. ಇನ್ನೊಂದು, ಕ್ಯಾಂಪಿನ ನೀರಿನ ಹೋಸ್ ಜೋಡಿಸುವ ಬಾಯಿ. ಅಲ್ಲಿ ನೀರು ಹಿಂದಕ್ಕೆ ಬಾರದಂತೆ ಒಂದು ವಾಲ್ವಿದೆ, ಅದರ ಹಿಂದೆ ನೀರು ಉಳಿಯುತ್ತದೆ. ಪಂಪು ಆರಿಸಿ, ನಲ್ಲಿ ತೆರೆದು ಒತ್ತಡ ಇಳಿಸಿ, ಜಾಲರಿ ತೆಗೆದು, ವಾಲ್ವಿನ ನಡುವಿನ ಗುಂಡಿಯನ್ನು ಕಡ್ಡಿಯಿಂದ ಮೆಲ್ಲಗೆ ಒತ್ತಿ. ಗುಲಾಬಿ ಚಿಮ್ಮಿದರೆ ಸರಿ. ಮೂರನೆಯದು ನಮ್ಮವರ ಟ್ರೈಲರುಗಳಲ್ಲೇ ಜಾಸ್ತಿ ಕಾಣುವುದು: ಕಮೋಡಿನ ಪಕ್ಕಕ್ಕೆ ಆಮೇಲೆ ಹಾಕಿಸಿಕೊಂಡ ಜೆಟ್ ಸ್ಪ್ರೇ. ಅದರ ಟ್ಯೂಬಿನ ತುಂಬ ನೀರಿರುತ್ತದೆ. ಇಲ್ಲಿನ ಯಾವ ಕೈಪಿಡಿಯಲ್ಲೂ ನಿಮಗೆ ಅದರ ಹೆಸರು ಸಿಗುವುದಿಲ್ಲ. ಗುಲಾಬಿ ಬರುವವರೆಗೆ ಅದನ್ನೂ ಒತ್ತಿ ಹಿಡಿಯಿರಿ, ಇಲ್ಲವೇ ಬಿಚ್ಚಿ ಮನೆಯೊಳಗೆ ತೆಗೆದಿಡಿ.

ಕಂಪ್ರೆಸರಿನಿಂದ ಗಾಳಿ ಊದಿ ನೀರು ತೆಗೆಯುವವರೂ ಇದ್ದಾರೆ. ತಪ್ಪಲ್ಲ. ಒತ್ತಡ 30–40 ಪಿಎಸ್‌ಐ ದಾಟಬಾರದು, ದಾಟಿದರೆ ಗಾಳಿಯೇ ಜಾಯಿಂಟು ಬಿಡಿಸುತ್ತದೆ. ಆದರೆ ಗಾಳಿ ಊದಿದ ಮೇಲೂ ಯಾವ ತಗ್ಗಿನಲ್ಲಿ ಎಷ್ಟು ನೀರು ಉಳಿಯಿತು ಎಂದು ಕಣ್ಣಿಗೆ ಕಾಣುವುದಿಲ್ಲ. ಬಣ್ಣ ಕಾಣುತ್ತದೆ. ಮೊದಲ ವರ್ಷ ನೀವು ಬಣ್ಣವನ್ನೇ ನಂಬಿ.

ಬ್ಯಾಟರಿಯ ಮಾತೂ ಇದೆ. ಪೂರ್ತಿ ಚಾರ್ಜ್ ಇಳಿದ ಲೆಡ್ ಆಸಿಡ್ ಬ್ಯಾಟರಿ ಸುಮಾರು ಮೈನಸ್ 7 ಸೆಲ್ಸಿಯಸಿನಲ್ಲೇ ಹೆಪ್ಪುಗಟ್ಟಿಬಿಡಬಹುದು. ಊರಿಗೆ ಹೊರಡುವ ಮುಂಚೆ ಚಾರ್ಜ್ ಮಾಡಿ ಒಳಗಿಟ್ಟು ಹೋಗಿ.

ಪ್ರಶ್ನೆ: ಗ್ಯಾರೇಜಿನಲ್ಲಿ ಕಾರಿಗೆ ಹಾಕಿ ಉಳಿದ ಹಸಿರು ಕೂಲಂಟ್ ಎರಡು ಡಬ್ಬಿ ಇದೆ. ಅದನ್ನೇ ಪೈಪಿಗೆ ಹಾಕಬಹುದೇ? ಅದೂ ಹೆಪ್ಪುಗಟ್ಟುವುದಿಲ್ಲ ತಾನೆ?
– ಓದುಗರು, ಮಿಚಿಗನ್

ಉತ್ತರ: ದಯವಿಟ್ಟು ಬೇಡ. ಕಾರಿನ ಕೂಲಂಟಿನಲ್ಲಿ ಸಾಮಾನ್ಯವಾಗಿ ಇರುವುದು ಎಥಿಲೀನ್ ಗ್ಲೈಕಾಲ್. ಅದು ವಿಷ, ಮೇಲಾಗಿ ರುಚಿ ಸಿಹಿ. ಮಕ್ಕಳು, ನಾಯಿ, ಬೆಕ್ಕು ನೆಕ್ಕಿದರೆ ಕಿಡ್ನಿ ಹಾಳಾಗಿ ಜೀವವೇ ಹೋಗಬಹುದು. ಕುಡಿಯುವ ನೀರು ಹರಿಯುವ ಪೈಪಿಗೆ ಅದು ಸೇರಲೇಬಾರದು. ಆರ್‌ವಿ ಆಂಟಿಫ್ರೀಜ್ ಎಂದು ಬರೆದ ಡಬ್ಬಿ ಕೊಳ್ಳಿ. ಅದರಲ್ಲೂ ಚೀಟಿ ಓದಿ, ಪ್ರೊಪಿಲೀನ್ ಗ್ಲೈಕಾಲ್ ಇರುವುದನ್ನೇ ಆರಿಸಿ. ಅಗ್ಗದ ಕೆಲವು ದ್ರವಗಳಲ್ಲಿ ಎಥನಾಲ್ ಇರುತ್ತದೆ. ಅದಕ್ಕೆ ಬೆಂಕಿ ಹತ್ತಿಕೊಳ್ಳುತ್ತದೆ, ರಬ್ಬರ್ ವಾಷರುಗಳನ್ನೂ ಒಣಗಿಸುತ್ತದೆ.

ಡಬ್ಬಿಯ ಮೇಲಿನ ‘ಮೈನಸ್ 50’ ನೋಡಿ ಗಾಬರಿಯೂ ಬೇಡ, ಅತಿ ಧೈರ್ಯವೂ ಬೇಡ. ಅದು ಫ್ಯಾರನ್‌ಹೀಟ್ ಲೆಕ್ಕ, ಸುಮಾರು ಮೈನಸ್ 46 ಸೆಲ್ಸಿಯಸ್. ಅಲ್ಲಿಯವರೆಗೆ ಪೈಪು ಒಡೆಯದಂತೆ ಕಾಯುತ್ತದೆ ಎಂದರ್ಥ. ಅದಕ್ಕಿಂತ ಎಷ್ಟೋ ಮೊದಲೇ ದ್ರವ ರುಬ್ಬಿದ ಐಸಿನಂತೆ ಮೆದುವಾಗಿ ಗಟ್ಟಿಯಾಗುತ್ತದೆ, ಪರವಾಗಿಲ್ಲ. ನೀರು ಬೆರೆಸಿದರೆ ಮಾತ್ರ ಆ ಬಲ ಹೋಗುತ್ತದೆ.

ಪ್ರಶ್ನೆ: ಹೋದ ವಾರ ಒಂದು ರಾತ್ರಿ ಮೈನಸ್ 8 ಆಯಿತು. ಟ್ರೈಲರಿನಲ್ಲಿ ನೀರಿತ್ತು. ಈಗ ಬಿಸಿಲು ಬಂದಿದೆ. ಏನಾದರೂ ಒಡೆದಿದೆಯೇ ಎಂದು ಹೇಗೆ ತಿಳಿಯುವುದು?
– ಓದುಗರು, ಕ್ಯಾಲ್ಗರಿ

ಉತ್ತರ: ಒಳಗೆ ಹೀಟರ್ ಹಾಕಿ, ಕಪಾಟುಗಳ ಬಾಗಿಲು ತೆರೆದು, ಎಲ್ಲ ಪೂರ್ತಿ ಕರಗಲು ಬಿಡಿ. ಪೈಪಿಗೆ ಬೆಂಕಿಯ ಜ್ವಾಲೆ ಹಿಡಿಯಲೇಬೇಡಿ. ಆಮೇಲೆ ನಲ್ಲಿಗಳನ್ನೆಲ್ಲ ಮುಚ್ಚಿ ಪಂಪು ಹಾಕಿ. ಒತ್ತಡ ತುಂಬಿದ ಮೇಲೆ ಪಂಪು ತಾನಾಗಿ ನಿಲ್ಲಬೇಕು, ನಿಂತೇ ಇರಬೇಕು. ಯಾರೂ ನಲ್ಲಿ ತಿರುಗಿಸದೆ ಅದು ಆಗಾಗ ಗುರ್ರೆನ್ನುತ್ತಿದ್ದರೆ ಎಲ್ಲೋ ಸೋರುತ್ತಿದೆ. ಟಾರ್ಚು ಹಿಡಿದು ಮೊದಲು ಕಮೋಡಿನ ಹಿಂದೆ, ಪಂಪಿನ ಜಾಲರಿಯ ಬಟ್ಟಲು, ಹೊರಗಿನ ಶವರಿನ ಹಿಂಭಾಗ ನೋಡಿ. ಒಣ ಟಿಶ್ಯೂ ಕಾಗದದಿಂದ ಪ್ರತಿ ಜಾಯಿಂಟನ್ನೂ ಒರೆಸಿ. ಸಣ್ಣ ಸೋರಿಕೆ ಕಣ್ಣಿಗಿಂತ ಮುಂಚೆ ಕಾಗದಕ್ಕೆ ಸಿಗುತ್ತದೆ. ಸೋರದಿದ್ದರೆ ಅದೃಷ್ಟ, ಇವತ್ತೇ ನೀರು ತೆಗೆಯಿರಿ.

ಪ್ರಶ್ನೆ: ಬೆಂಗಳೂರಿನಲ್ಲಿ ಕ್ಯಾರವಾನ್ ಇಟ್ಟುಕೊಂಡವರಿಗೂ ಇದೆಲ್ಲ ಬೇಕಾ?
– ಓದುಗರು, ಬೆಂಗಳೂರು

ಉತ್ತರ: ಬೇಡ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆಯೇ 7.8 ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ಸುಮ್ನೆ ದುಡ್ಡು ಹಾಕಬೇಡಿ. ಚಳಿಗಾಲದಲ್ಲಿ ಲೇಹ್ ಕಡೆಗೋ ಸ್ಪಿತಿ ಕಡೆಗೋ ಗಾಡಿ ಒಯ್ಯುವುದಾದರೆ ಮಾತ್ರ ಮೇಲಿನದನ್ನೆಲ್ಲ ಓದಿ.

ಪ್ರಶ್ನೆ: ವಸಂತದಲ್ಲಿ ಗುಲಾಬಿ ದ್ರವ ತೆಗೆದರೂ ನೀರಿಗೆ ಒಂಥರಾ ರುಚಿ ಬರುತ್ತದೆ. ಏನು ಮಾಡುವುದು?
– ಓದುಗರು, ವಿಸ್ಕಾನ್ಸಿನ್

ಉತ್ತರ: ಮೊದಲು ಶುದ್ಧ ನೀರನ್ನು ಎಲ್ಲ ನಲ್ಲಿಗಳಲ್ಲೂ ಬಣ್ಣ, ನೊರೆ ಹೋಗುವವರೆಗೆ ಹರಿಸಿ. ಆಮೇಲೆ ಟ್ಯಾಂಕಿನ ಪ್ರತಿ 15 ಗ್ಯಾಲನ್ ನೀರಿಗೆ ಕಾಲು ಕಪ್ ಪರಿಮಳವಿಲ್ಲದ ಮನೆಬಳಕೆಯ ಬ್ಲೀಚ್. ಅದನ್ನು ಬಕೆಟ್ ನೀರಿನಲ್ಲಿ ಕದಡಿ ಟ್ಯಾಂಕಿಗೆ ಹಾಕಿ, ಬ್ಲೀಚಿನ ವಾಸನೆ ಬರುವವರೆಗೆ ಪ್ರತಿ ನಲ್ಲಿ ಬಿಡಿ. ಒಂದು ರಾತ್ರಿ ಇಟ್ಟು ಖಾಲಿ ಮಾಡಿ, ವಾಸನೆ ಹೋಗುವವರೆಗೆ ಹೊಸ ನೀರಿನಲ್ಲಿ ತೊಳೆಯಿರಿ. ಹೊಸ ಫಿಲ್ಟರನ್ನು ಇದೆಲ್ಲ ಆದ ಮೇಲೆ ಹಾಕಿ. ಗೀಸರಿನ ಬಿರಡೆ ಬಿಗಿದು, ಬೈಪಾಸ್ ತಿರುಗಿಸಿ, ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಬಿಡದೆ ನೀರು ಬರಲು ಶುರುವಾದ ಮೇಲೆಯೇ ಕರೆಂಟು ಕೊಡಿ.