ಪದದ ಅರ್ಥಕ್ಕಿಂತ ಮೊದಲು ವಾಕ್ಯವನ್ನು ಬರೆದುಕೊಳ್ಳಲಿ

ಮುಂಬಯಿ ಬಳಿಯ ಡೊಂಬಿವಲಿಯ ಸಹೋದರಿಯವರಿಗೆ ನಮಸ್ಕಾರ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈ ವರ್ಷ ಹನ್ನೊಂದನೆಯ ವಾಣಿಜ್ಯ ವಿಭಾಗಕ್ಕೆ ಸೇರಿರುವ ತಮ್ಮ ಮಗ ದಿನಕ್ಕೆ ಇಪ್ಪತ್ತು ಇಂಗ್ಲಿಷ್ ಪದಗಳನ್ನು ಕನ್ನಡ ಅರ್ಥದೊಡನೆ ಬರೆದು ಬಾಯಿಪಾಠ ಮಾಡುತ್ತಾನೆ, ಆದರೆ ವಾರ ಕಳೆಯುವಷ್ಟರಲ್ಲಿ ಅರ್ಧಕ್ಕರ್ಧ ಮರೆತುಹೋಗುತ್ತದೆ, ನೆನಪಿರುವ ಪದಗಳನ್ನೂ ಮಾತಿನಲ್ಲಿ ಬಳಸಲು ಬರುವುದಿಲ್ಲ ಎಂದು ಬರೆದು, ಯಾವ ನಿಘಂಟು ಕೊಡಿಸಲಿ ಎಂದು ಕೇಳಿದ್ದೀರಿ. ನಿಘಂಟಿನ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಅವನು ಬರೆದುಕೊಳ್ಳುವ ಕ್ರಮವನ್ನು ಬದಲಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಅವನ ಪುಟದ ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಪದ ಇರುತ್ತದೆ. ಅದರ ಬದಲು, ಪದ ಕಣ್ಣಿಗೆ ಬಿದ್ದ ವಾಕ್ಯವನ್ನೇ ಮೊದಲು ಪೂರ್ತಿಯಾಗಿ ಬರೆದುಕೊಳ್ಳಲಿ. ಅದರ ಕೆಳಗೆ ಸರಳ ಇಂಗ್ಲಿಷಿನಲ್ಲಿರುವ ವಿವರಣೆ ಬರಲಿ, ಬಳಿಕ ಅವನೇ ರಚಿಸಿದ ಒಂದು ವಾಕ್ಯ, ಎಲ್ಲಕ್ಕೂ ಕೊನೆಯಲ್ಲಿ ಕನ್ನಡದ ಅರ್ಥ. ಒಂದು ಪದಕ್ಕೆ ಕಾಲು ಪುಟವೇ ಹಿಡಿಯುವುದರಿಂದ ದಿನಕ್ಕೆ ಇಪ್ಪತ್ತು ಪದಗಳು ಸಾಧ್ಯವಾಗುವುದಿಲ್ಲ, ಐದು ಸಾಕು.

ಅಫೋರ್ಡ್ ಎಂಬ ಪದವನ್ನೇ ನೋಡೋಣ. ಕನ್ನಡದಲ್ಲಿ 'ಕೊಳ್ಳುವ ಶಕ್ತಿಯಿರು' ಎಂಬ ಅರ್ಥ ಸಿಗುತ್ತದೆ. ಇಷ್ಟನ್ನೇ ಕಲಿತ ಹುಡುಗ 'ಐ ಅಫೋರ್ಡ್ ದಿಸ್ ಮೊಬೈಲ್' ಎಂದು ಬರೆಯುತ್ತಾನೆ. ನಿಘಂಟಿನ ಉದಾಹರಣೆಗಳನ್ನು ಒಂದೊಂದಾಗಿ ಓದಿದರೆ ಈ ಪದಕ್ಕಿಂತ ಮೊದಲು ಬಹುಮಟ್ಟಿಗೆ ಕ್ಯಾನ್, ಕಾಂಟ್, ಕುಡ್ ಇಂಥ ಪದವೊಂದು ಇದ್ದೇ ಇರುತ್ತದೆ ಎಂಬುದು ತಾನಾಗಿ ಗೊತ್ತಾಗುತ್ತದೆ. ವಿವರಣೆಯನ್ನು ಓದಿದರೆ ಹಣಕ್ಕಷ್ಟೇ ಅಲ್ಲದೆ ಸಮಯಕ್ಕೂ ಇದೇ ಪದ ಸಲ್ಲುತ್ತದೆ ಎಂದು ತಿಳಿಯುತ್ತದೆ. ಇನ್ನೊಂದು ಬಳಕೆಯೂ ಇದೆ: 'ವಿ ಕಾಂಟ್ ಅಫೋರ್ಡ್ ಟು ಮಿಸ್ ದಿ ಲಾಸ್ಟ್ ಲೋಕಲ್' ಎಂದಾಗ ಅಲ್ಲಿ ಹಣದ ಮಾತೇ ಇಲ್ಲ, ಕೊನೆಯ ಗಾಡಿ ತಪ್ಪಿದರೆ ಫಜೀತಿ ಎಂಬ ಅರ್ಥವಿದೆ. ಇವೆಲ್ಲವನ್ನೂ ನೋಡಿದ ಮೇಲೆ ಅವನು 'ಮೆನಿ ಫ್ಯಾಮಿಲೀಸ್ ಕಾಂಟ್ ಅಫೋರ್ಡ್ ಅ ಫ್ಲ್ಯಾಟ್ ಇನ್ ದಾದರ್' ಎಂದು ತಾನೇ ಬರೆದರೆ ಆ ಪದ ಅವನದಾಯಿತು. ಸ್ವಂತ ವಾಕ್ಯ ಅವನ ಕಣ್ಣೆದುರಿನ ಬದುಕಿನದೇ ಆಗಿರಬೇಕು. ನಿಘಂಟಿನ ವಾಕ್ಯದಲ್ಲಿ ಹೆಸರೊಂದನ್ನು ಬದಲಿಸಿ ಇಟ್ಟರೆ ಪ್ರಯೋಜನ ಕಡಿಮೆ.

ಉದಾಹರಣೆ ವಾಕ್ಯದ ಮೇಲೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ನಾವು ಕನ್ನಡದಲ್ಲಿ ಒಂದು ವಿಷಯದ ಬಗ್ಗೆ ಚರ್ಚಿಸುತ್ತೇವೆ, ಆದ್ದರಿಂದ ಇಂಗ್ಲಿಷಿನಲ್ಲೂ 'ಡಿಸ್ಕಸ್ ಅಬೌಟ್' ಎಂದು ಬರೆದುಬಿಡುತ್ತೇವೆ. ಅಲ್ಲಿ ಅಬೌಟ್ ಬೇಕಿಲ್ಲ. ಒಬ್ಬರ ಜೊತೆ ಮದುವೆಯಾಗುತ್ತೇವೆ, ಆದ್ದರಿಂದ 'ಮ್ಯಾರೀಡ್ ವಿತ್' ಬರುತ್ತದೆ. ಅಲ್ಲಿ 'ಟು' ಇರಬೇಕು. ಸಾಲ ಎಂಬ ಒಂದೇ ಮಾತಿಗೆ ಕೊಡು, ತೆಗೆದುಕೋ ಎಂದು ಸೇರಿಸಿ ನಾವು ಕೆಲಸ ಸಾಗಿಸುತ್ತೇವೆ, ಇಂಗ್ಲಿಷಿನಲ್ಲಿ ಕೊಡುವವನಿಗೆ ಲೆಂಡ್, ಪಡೆಯುವವನಿಗೆ ಬಾರೋ. ನಾವು ಕಡಕ್ ಎನ್ನುವ ಚಹಾ ಅಲ್ಲಿ ಸ್ಟ್ರಾಂಗ್ ಆಗುತ್ತದೆ, ಗಾಳಿಯೂ ಸ್ಟ್ರಾಂಗ್ ಆಗಬಹುದು, ಆದರೆ ಜೋರು ಮಳೆ ಮಾತ್ರ ಹೆವಿ. ಯಾವ ಪದಕ್ಕೆ ಯಾವ ಪದ ಜೊತೆಯಾಗುತ್ತದೆ ಎಂಬುದಕ್ಕೆ ನಿಯಮವಿಲ್ಲ, ಅರ್ಥದ ಪಟ್ಟಿಯಿಂದ ಅದು ಎಂದಿಗೂ ತಿಳಿಯುವುದಿಲ್ಲ. ಜೊತೆಗೂಡಿದ ಪದಗಳ ಅಡಿಯಲ್ಲಿ ಅವನು ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳಲಿ.

ವಾಣಿಜ್ಯದ ವಿದ್ಯಾರ್ಥಿಗೆ ಇನ್ನೊಂದು ತೊಡಕಿದೆ. ಇಂಟರೆಸ್ಟ್ ಎಂದರೆ ಆಸಕ್ತಿ ಎಂದು ಶಾಲೆಯಲ್ಲಿ ಕಲಿತಿದ್ದಾನೆ, ಈಗ ಲೆಕ್ಕಪತ್ರದ ಪುಸ್ತಕದಲ್ಲಿ ಅದು ಬಡ್ಡಿ. ಬ್ಯಾಲೆನ್ಸ್, ಕ್ರೆಡಿಟ್, ರಿಟರ್ನ್ ಇವೂ ಹಾಗೆಯೇ. ನಿಘಂಟಿನಲ್ಲಿ 1, 2, 3 ಎಂದು ಅಂಕಿ ಹಾಕಿ ಅರ್ಥಗಳನ್ನು ಬೇರ್ಪಡಿಸಿರುತ್ತಾರೆ. ಮೊದಲನೆಯದನ್ನೇ ಬರೆದುಕೊಂಡು ಪುಸ್ತಕ ಮುಚ್ಚುವ ಅಭ್ಯಾಸ ಬೇಡ. ತನ್ನ ಪಾಠದ ವಾಕ್ಯಕ್ಕೆ ಹೊಂದುವ ಅರ್ಥ ಸಿಗುವವರೆಗೆ ಕೆಳಗಿಳಿಯಬೇಕು.

ಇನ್ನು ನಿಘಂಟು. ಕಲಿಯುವವರಿಗೆಂದೇ ಸಿದ್ಧಪಡಿಸಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟು ಬೇಕು, ಸಾಮಾನ್ಯ ಇಂಗ್ಲಿಷ್ ನಿಘಂಟು ಬೇಡ. ಸಾಮಾನ್ಯ ನಿಘಂಟಿನಲ್ಲಿ ಒಂದು ಕಷ್ಟದ ಪದಕ್ಕೆ ಇನ್ನೆರಡು ಕಷ್ಟದ ಪದಗಳೇ ಅರ್ಥವಾಗಿ ನಿಂತು ಹುಡುಗ ಬೇಸತ್ತುಬಿಡುತ್ತಾನೆ. ಈ ತೊಂದರೆಯನ್ನು ನೀಗಿಸುವ ದಾರಿಗೆ ನಮ್ಮ ಉಪಖಂಡದ ತರಗತಿಗಳ ನಂಟೂ ಇದೆ ಎಂಬುದು ನನಗೆ ಬಹಳ ಮೆಚ್ಚಿನ ಸಂಗತಿ. ಢಾಕಾದಲ್ಲಿ ಬಂಗಾಳಿ ವಿದ್ಯಾರ್ಥಿಗಳ ನಡುವೆ ಕೆಲಸ ಮಾಡಿದ ಮೈಕೆಲ್ ವೆಸ್ಟ್ ಅವರು 1935ರಲ್ಲಿ ಹೊರತಂದ ನಿಘಂಟಿನಲ್ಲಿ ಸುಮಾರು 24,000 ನಮೂದುಗಳನ್ನು ಕೇವಲ 1490 ಪದಗಳಲ್ಲಿ ವಿವರಿಸಿದ್ದರು. ಜಪಾನಿನಲ್ಲಿ ಪಾಠ ಹೇಳುತ್ತಿದ್ದ ಎ. ಎಸ್. ಹಾರ್ನ್‌ಬಿಯವರ ನಿಘಂಟು 1942ರಲ್ಲಿ ಅಲ್ಲಿಯೇ ಅಚ್ಚಾಗಿ, 1948ರಲ್ಲಿ ಆಕ್ಸ್‌ಫರ್ಡ್‌ನಿಂದ ಹೊರಬಂತು. ಇಂದು ಅಂಗಡಿಯಲ್ಲಿ ಸಿಗುವ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಅದರದೇ ಮುಂದುವರಿಕೆ. 1978ರ ಲಾಂಗ್‌ಮನ್ ಸುಮಾರು 2000 ಪದಗಳಲ್ಲೇ ಎಲ್ಲವನ್ನೂ ವಿವರಿಸಲು ಹೊರಟಿತು. 1987ರ ಕೋಬಿಲ್ಡ್ ಅರ್ಥವನ್ನೇ ಪೂರ್ಣ ವಾಕ್ಯದಲ್ಲಿ ಹೇಳುತ್ತದೆ, ಆದ್ದರಿಂದ ವಿವರಣೆಯೇ ಒಂದು ಉದಾಹರಣೆಯೂ ಆಗುತ್ತದೆ. ಆಕ್ಸ್‌ಫರ್ಡ್, ಲಾಂಗ್‌ಮನ್, ಕೋಬಿಲ್ಡ್ ಈ ಮೂರರಲ್ಲಿ ಯಾವುದಾದರೂ ಸರಿ. ಹೊಸದೇ ಬೇಕೆಂದಿಲ್ಲ; ಫೋರ್ಟಿನ ಫ್ಲೋರಾ ಫೌಂಟನ್ ಬಳಿಯ ಅಥವಾ ಮಾಟುಂಗಾ ಕಿಂಗ್ಸ್ ಸರ್ಕಲ್ಲಿನ ಫುಟ್‌ಪಾತಿನಲ್ಲಿ ಹಳೆಯ ಆವೃತ್ತಿಯನ್ನು ಹುಡುಕಬಹುದು. ಪುಣೆಯವರು ಅಪ್ಪಾ ಬಳವಂತ ಚೌಕದಲ್ಲಿ ವಿಚಾರಿಸಲಿ. ಫೋನಿನಲ್ಲಿ ಇವು ಉಚಿತವಾಗಿಯೇ ಸಿಗುತ್ತವೆ, ಉಚ್ಚಾರವೂ ಕೇಳಿಸುತ್ತದೆ.

ಹಾಗೆಂದು ಕನ್ನಡ ನಿಘಂಟನ್ನು ಅಟ್ಟಕ್ಕೆ ಹಾಕಬೇಡಿ. ಮರ, ಹಕ್ಕಿ, ಕಾಯಿಲೆ, ಉಪಕರಣಗಳ ಹೆಸರಿಗೆ ಕನ್ನಡದ ಒಂದು ಪದ ಮಾಡುವ ಕೆಲಸವನ್ನು ಮೂರು ಸಾಲಿನ ಇಂಗ್ಲಿಷ್ ವಿವರಣೆ ಮಾಡಲಾರದು. ಕನ್ನಡದಲ್ಲಿ ಯೋಚಿಸುವ ಹುಡುಗನಿಗೆ ಕನ್ನಡದ ಅರ್ಥ ಸಿಕ್ಕಾಗಲೇ ತಿಳಿವು ಗಟ್ಟಿಯಾಗುವುದು. ಅದು ಪುಟದ ಕೊನೆಗೆ ಬರಲಿ ಎಂದಷ್ಟೇ ನಾನು ಹೇಳುತ್ತಿರುವುದು.

ಊರಿನಿಂದ ಮುಂಬಯಿಗೆ ಬಂದ ನಾವೆಲ್ಲ ಮರಾಠಿಯನ್ನು ಕಲಿತದ್ದೂ ಈ ಕ್ರಮದಲ್ಲೇ ಅಲ್ಲವೇ? ಲೋಕಲ್ ಗಾಡಿಯಲ್ಲಿ 'ಪುಢೀಲ್ ಸ್ಟೇಷನ್', 'ಅಗ್ಲಾ ಸ್ಟೇಷನ್', 'ನೆಕ್ಸ್ಟ್ ಸ್ಟೇಷನ್' ಎಂದು ದಿನವೂ ಕೇಳಿ ಪುಢೀಲ್ ಎಂದರೆ ಮುಂದಿನ ಎಂಬುದು ತಲೆಗೆ ಹತ್ತಿತು; ಯಾರೂ ಪಟ್ಟಿ ಹಿಡಿದು ಉರು ಹೊಡೆಯಲಿಲ್ಲ.

ಮರೆವಿನ ಬಗ್ಗೆಯೂ ಬರೆದಿದ್ದೀರಿ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ತಮ್ಮ ಮೇಲೆಯೇ ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದ ಪ್ರಕಾರ, ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ಅತಿ ವೇಗವಾಗಿ ಮರೆಯುತ್ತದೆ, ಆಮೇಲೆ ಮರೆವಿನ ವೇಗ ತಗ್ಗುತ್ತದೆ. ಆದ್ದರಿಂದ ಭಾನುವಾರ ಒಟ್ಟಿಗೆ ಓದಿಕೊಳ್ಳುವ ಬದಲು ಮರುದಿನ, ಮೂರು ದಿನ ಬಿಟ್ಟು, ವಾರದ ಬಳಿಕ, ತಿಂಗಳ ಬಳಿಕ ಹೀಗೆ ಅಂತರ ಹಿಗ್ಗಿಸುತ್ತ ನೋಡಲಿ. ನೋಡುವುದೆಂದರೆ ಸುಮ್ಮನೆ ಕಣ್ಣಾಡಿಸುವುದಲ್ಲ. ರಟ್ಟಿನ ಚೀಟಿಯ ಮುಂದೆ ಪದದ ಜಾಗವನ್ನು ಖಾಲಿ ಬಿಟ್ಟು ವಾಕ್ಯ ಬರೆದು, ಪದವನ್ನು ಹಿಂದೆ ಬರೆಯಬೇಕು. ಖಾಲಿ ಜಾಗವನ್ನು ನೆನಪಿನಿಂದ ತುಂಬಿದ ಮೇಲೆಯೇ ಚೀಟಿಯನ್ನು ತಿರುಗಿಸಬೇಕು. ತಪ್ಪಿದ ಚೀಟಿ ಮರುದಿನದ ಕಟ್ಟಿಗೆ ಹೋಗಲಿ.

ಉಳಿದ ತೊಂದರೆಯೆಂದರೆ ಅವನ ಸ್ವಂತ ವಾಕ್ಯಗಳನ್ನು ತಿದ್ದುವವರು ಯಾರು ಎಂಬುದು. ಮೊದಲು ಅವನೇ ನಿಘಂಟಿನ ವಾಕ್ಯದ ಪಕ್ಕದಲ್ಲಿಟ್ಟು ಹೋಲಿಸಲಿ, ಅನುಮಾನವಿರುವ ಕಡೆ ಗುರುತು ಹಾಕಿ ಕಾಲೇಜಿನ ಅಧ್ಯಾಪಕರಿಗೆ ತೋರಿಸಲಿ. ಅವರಿಗೆ ಬಿಡುವಿಲ್ಲದಿದ್ದರೆ ಶನಿವಾರ ಪುಟದ ಫೋಟೊ ತೆಗೆದು ಇಲ್ಲಿಯೇ ಹಾಕಿ. ನಾನು ಸಂಜೆ ನೋಡಿ ತಿದ್ದಿ ಕಳುಹಿಸುತ್ತೇನೆ.