"ಯಾರ ತಂಟೆಗೂ ಹೋಗಲ್ರೀ" ಎನ್ನುವ ಮುಂಚೆ

"ನಮ್ಮ ಹುಡುಗ ಯಾರ ತಂಟೆಗೂ ಹೋಗಲ್ರೀ." ಬಳ್ಳಾರಿ ಜಿಲ್ಲೆಯಲ್ಲಿ ಎಷ್ಟು ತಾಯಂದಿರ ಬಾಯಲ್ಲಿ ಈ ಮಾತು ಕೇಳಿದ್ದೇನೋ ಲೆಕ್ಕವಿಲ್ಲ. ಮಗನನ್ನು ಹೊಗಳುವ ಮಾತು ಅದು. ಆದರೆ ಅಂಗವಿಕಲರ ಪ್ರಮಾಣಪತ್ರದ ತಪಾಸಣೆಯಲ್ಲಿ ಅದೇ ಅವನಿಗೆ ಮುಳುವಾಗುತ್ತದೆ. ಹಾಗಾಗಿ ಒಂದು ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಸಿರುಗುಪ್ಪ ಕಡೆಯ ಕುಟುಂಬ. ಹುಡುಗನಿಗೆ 26 ವರ್ಷ. ಮೊದಲು ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುತ್ತಿದ್ದ. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಶುರುವಾಗಿ ಆರು ವರ್ಷ. ಮಾತ್ರೆ ತಪ್ಪಿಸುವುದಿಲ್ಲ, ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ನಿಂತಿವೆ. ಮೊದಲ ತಪಾಸಣೆಯಲ್ಲಿ ಅಂಗವೈಕಲ್ಯ ಶೇಕಡಾ 40 ಮುಟ್ಟಲಿಲ್ಲ. ಪಿಂಚಣಿಯ ಮಾತು ಅಲ್ಲಿಗೇ ನಿಂತಿತು.

"ಡಾಕ್ಟರು ಏನು ಕೇಳಿದ್ರಮ್ಮ?" ಎಂದೆ.

"ಮಂದಿ ಜೊತೆ ಹೆಂಗಿರ್ತಾನ ಅಂದ್ರು. ಚಲೋ ಇರ್ತಾನ್ರೀ, ಯಾರ ತಂಟೆಗೂ ಹೋಗಲ್ಲ, ಅಂಗಡಿಗೆ ಒಬ್ಬನೇ ಹೋಗ್ತಾನ ಅಂದೆ."

ಹುಡುಗ ಅಷ್ಟು ಹೊತ್ತೂ ನೆಲ ನೋಡುತ್ತಾ ಕೂತಿದ್ದ. ಅವನನ್ನೇ ಕೇಳಿದೆ: "ಅಂಗಡಿಗೆ ಹೋದಾಗ ಏನಾಗುತ್ತೆ?"

ತುಂಬ ಹೊತ್ತು ಸುಮ್ಮನಿದ್ದ. ನಾನೂ ಸುಮ್ಮನೆ ಕಾದೆ. ಆಮೇಲೆ ಹೇಳಿದ: "ಹೋಗ್ತೀನ್ರೀ. ನಾಕು ಮಂದಿ ನಿಂತಿದ್ರೆ ವಾಪಸ್ ಬರ್ತೀನಿ. ಅಮ್ಮಗೆ ಅಂಗಡಿ ಬಂದ್ ಐತಿ ಅಂತೀನಿ."

ತಾಯಿ ಅವನ ಕಡೆ ತಿರುಗಿದರು. ಅಂಗಡಿ ಬಂದ್ ಎಂಬ ಮಾತನ್ನು ವಾರಕ್ಕೆ ಮೂರು ನಾಲ್ಕು ಸಲ ಅವರು ಕೇಳಿದ್ದರು. ಅಂಗಡಿಯವನನ್ನು ಬೈದೂ ಇದ್ದರು. "ನನಗೆ ಯಾಕ ಹೇಳ್ಲಿಲ್ಲಪ್ಪಾ?" ಎಂದು ಕಣ್ಣು ಒರೆಸಿಕೊಂಡರು.

ಮಾನಸಿಕ ಕಾಯಿಲೆಯಿಂದಾದ ಅಂಗವೈಕಲ್ಯ ಅಳೆಯಲು ಐಡಿಯಾಸ್ ಎಂಬ ಮಾಪಕ ಬಳಸುತ್ತಾರೆ. ಸ್ವಂತ ಆರೈಕೆ, ಜನರ ಜೊತೆ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ. ಈ ನಾಲ್ಕಕ್ಕೂ 0ಯಿಂದ 4ರವರೆಗೆ ಅಂಕ. ಕಾಯಿಲೆ ಎಷ್ಟು ವರ್ಷದ್ದು ಎಂಬುದಕ್ಕೂ ಅಂಕವಿದೆ. ಒಟ್ಟು 7 ಆದರೆ ಶೇಕಡಾ 40. ಇಲ್ಲಿ ತೊಂದರೆ ಜಾಸ್ತಿಯಾದಷ್ಟೂ ಅಂಕ ಜಾಸ್ತಿ. "ಚಲೋ ಇರ್ತಾನ" ಎಂದರೆ ಒಡನಾಟದ ಮುಂದೆ ಸೊನ್ನೆ ಬೀಳಬಹುದು, ಅಲ್ವಾ?

ಅವತ್ತೇ ಒಂದು ಹಾಳೆ ಕೊಟ್ಟು ಕೂಡಿಸಿದೆ. ಹೋದ ಒಂದು ತಿಂಗಳಲ್ಲಿ ನಡೆದದ್ದನ್ನೇ ಬರೆಯಿರಿ ಎಂದೆ. "ಜನರ ಜೊತೆ ಬೆರೆಯುವುದಿಲ್ಲ" ಎಂದಷ್ಟೇ ಬರೆದರೆ ಓದುವವರಿಗೆ ನಾಚಿಕೆ ಸ್ವಭಾವ ಎನಿಸುತ್ತದೆ. ಯಾರು ಬಂದರು, ಇವನು ಎಲ್ಲಿ ಹೋದ, ಊಟಕ್ಕೆ ಎಷ್ಟು ಸಲ ಕರೆಯಬೇಕಾಯಿತು, ಅವನ ಪರವಾಗಿ ಯಾರು ಮಾತಾಡಿದರು, ಹೀಗೆ ಬರೆಯಬೇಕು. ತಾಯಿ ನೆನಪಿಸಿಕೊಂಡು ಹೇಳುತ್ತಾ ಹೋದರು. ಅಕ್ಕನ ಮಗುವಿನ ತೊಟ್ಟಿಲ ದಿನ ನೆಂಟರು ಹೋಗುವ ತನಕ ಅವನು ಎಮ್ಮೆ ಕಟ್ಟುವ ಜಾಗದಲ್ಲೇ ಕೂತಿದ್ದನಂತೆ. ಅದನ್ನೂ ಬರೆಸಿದೆ. ಅಕ್ಕನ ಜೊತೆ ಮಾತ್ರ ಫೋನಿನಲ್ಲಿ ಚೆನ್ನಾಗಿ ಮಾತಾಡುತ್ತಾನೆ ಎಂದರು. ಅದೂ ಹಾಳೆಯಲ್ಲಿರಲಿ ಎಂದೆ.

ಕೆಲವರು ನನಗೆ ಹೇಳುತ್ತಾರೆ, ನೀವು ಜನರಿಗೆ ಕಷ್ಟ ದೊಡ್ಡದು ಮಾಡಿ ಹೇಳುವುದನ್ನು ಕಲಿಸುತ್ತೀರಿ ಎಂದು. ನಾನು ಒಪ್ಪುವುದಿಲ್ಲ. ನಮ್ಮ ಮನೆಗಳಲ್ಲಿ ಕಷ್ಟ ಮುಚ್ಚಿಡುವುದೇ ಮರ್ಯಾದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಇದೇ ಬಳ್ಳಾರಿ ಜಿಲ್ಲೆಯಲ್ಲಿ ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗಳ ಹತ್ತಿರಕ್ಕೆ ತಂದಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಅಷ್ಟಾಗಿಯೂ ಮಗನ ಒಂಟಿತನವನ್ನು ಡಾಕ್ಟರ ಮುಂದೆ ಹೇಳಲು ತಾಯಿಗೆ ಬಾಯಿ ಬರುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಸುವುದು ನನ್ನ ಕೆಲಸ.

ಮಗನ ಎದುರು ಇದನ್ನೆಲ್ಲ ಓದಿ ಹೇಳುವುದು ಹೇಗೆ ಎಂದು ತಾಯಿಗೆ ಸಂಕಟ. ಅದಕ್ಕೇ ಮೊದಲು ಅವನಿಗೇ ಓದಿಸಿದೆ. ಒಂದು ಕಡೆ ತಿದ್ದಿದ. "ನಾಕು ಮಂದಿ ಅಲ್ರೀ, ಇಬ್ಬರಿದ್ರೂ ವಾಪಸ್ ಬರ್ತೀನಿ."

ಎರಡನೇ ತಪಾಸಣೆಗೆ ಆ ಹಾಳೆ ತೆಗೆದುಕೊಂಡು ಹೋದರು. ಈ ಸಲ 40 ದಾಟಿತು. ಆದರೆ ಪ್ರಮಾಣಪತ್ರಕ್ಕೆ ಅವಧಿ ಇದೆ, ಮತ್ತೆ ಹೋಗಬೇಕು. ಹಾಳೆಯ ಒಂದು ಜೆರಾಕ್ಸ್ ಮನೆಯಲ್ಲಿಟ್ಟು, ತಿಂಗಳಿಗೊಮ್ಮೆ ಇಬ್ಬರೂ ಕೂತು ಅದರ ಕೆಳಗೆ ಬರೆಯುತ್ತಾ ಹೋಗಿ ಎಂದಿದ್ದೇನೆ.